ನಾನೂರ ಹನ್ನೆರಡು ಸಲ ಓದಿಸಿಕೊಂಡ ‘ಗೊಬ್ಬರ’

ಸೋಮವಾರ ಬೆಳಿಗ್ಗೆ ಬಂದ ಲಕೋಟೆಯನ್ನು ದೊಡ್ಡಪಾಲಯ್ಯ ಮೂರು ಸಲ ಓದಿದ. ಇಪ್ಪತ್ತಾರು ವರ್ಷದ ಸೇವೆಯಲ್ಲಿ ಮೇಲಿನವರ ಯಾವ ಕಾಗದವನ್ನೂ ಅವನು ಪೂರ್ತಿ ಓದಿದವನಲ್ಲ. ಕೊನೆಯ ಸಾಲಿನ ‘ತಪ್ಪಿದಲ್ಲಿ ಸೂಕ್ತ ಕ್ರಮ’ ಎಂಬುದನ್ನು ಓದಿ, ಮೇಲಿನದನ್ನು ಊಹಿಸಿಕೊಂಡು ಬಾಳು ಸಾಗಿಸಿದವನು. ಈ ಸಲ ಮೇಲಿನದೇ ಕುತ್ತಿಗೆಗೆ ಬಂದಿತ್ತು.

ಬಿ.ಜಿ. ಕೆರೆ ದಾಟಿ ಮೊಳಕಾಲ್ಮೂರಿನ ಕಡೆ ಹೋಗುವಾಗ ಬಂಡೆಗಳ ಸಂದಿಯಲ್ಲಿ ಸಿಗುವ ಊರು ಕರೇಬಂಡೆಹಳ್ಳಿ. ಅಲ್ಲಿಯ ಗ್ರಂಥಾಲಯ ಎಂದರೆ ಒಂದು ಕೋಣೆ, ನಾಲ್ಕು ಕಪಾಟು, ಒಂದು ಉದ್ದ ಮೇಜು, ಮೇಜಿನ ಮೇಲೆ ದಿನಪತ್ರಿಕೆ, ಅದರ ಮೇಲೆ ಕೆನ್ನೆಯಿಟ್ಟು ಮಲಗಿದ ಒಬ್ಬಿಬ್ಬರು ಪ್ರಜೆಗಳು. ಈ ಸಾಮ್ರಾಜ್ಯಕ್ಕೆ ದೊಡ್ಡಪಾಲಯ್ಯನೇ ದೊರೆ. ಮಂತ್ರಿ, ದಳವಾಯಿ, ಕಸ ಗುಡಿಸುವವ ಕೂಡ ಅವನೇ. ಅಪ್ಪ ಬೋರಯ್ಯ ನೂರಿಪ್ಪತ್ತು ಕುರಿ ಕಾಯ್ದವನು. ಮಗ ಮೂರು ಸಾವಿರ ಪುಸ್ತಕ ಕಾಯುತ್ತಾನೆಂದು ಊರಿಗೆಲ್ಲ ಹೆಮ್ಮೆ. ಬೋರಯ್ಯನಿಗೆ ಮಾತ್ರ ಅಷ್ಟೇನೂ ಇರಲಿಲ್ಲ. ‘ಕುರಿ ಆದ್ರೆ ಸಂಜೀಗೆ ವಾಪಸ್ ಬರ್ತಾವೆ ಕಣಲೇ’ ಎಂದು ಸಾಯುವವರೆಗೂ ಹೇಳುತ್ತಿದ್ದ.

ಲಕೋಟೆಯೊಳಗಿನ ಒಕ್ಕಣೆ ಹೀಗಿತ್ತು: ಗ್ರಂಥಾಲಯಕ್ಕೆ ಗಾಜಿನ ಬಾಗಿಲಿನ ಹೊಸ ಉಕ್ಕಿನ ಬೀರು ಬರಲಿದೆ. ಓದುಗರು ಅತಿ ಹೆಚ್ಚು ಒಯ್ದ ನೂರು ಪುಸ್ತಕಗಳನ್ನು ‘ಸಾರ್ವಕಾಲಿಕ ಕೃತಿಗಳು’ ಎಂದು ಅದರಲ್ಲಿ ಜೋಡಿಸಬೇಕು. ಹತ್ತು ವರ್ಷದಿಂದ ಯಾರೂ ಒಯ್ಯದ ಪುಸ್ತಕಗಳನ್ನು ಗುಜರಿಗೆ ಹಾಕಬೇಕು. ಎರಡೂ ಪಟ್ಟಿಗಳನ್ನು ನಿಮ್ಮದೇ ರಿಜಿಸ್ಟರಿನಿಂದ ಕಂಪ್ಯೂಟರು ತೆಗೆದುಕೊಟ್ಟಿದೆ. ಗುರುವಾರ ಹನ್ನೊಂದಕ್ಕೆ ಅಧಿಕಾರಿ ಬರುತ್ತಾರೆ.

ಸಾರ್ವಕಾಲಿಕ ಕೃತಿಗಳಲ್ಲಿ ಮೊದಲನೆಯ ಸ್ಥಾನ, ನಾನೂರ ಹನ್ನೆರಡು ಸಲ ಹೊರಹೋದ ದಾಖಲೆಯೊಂದಿಗೆ, ‘ಗೊಬ್ಬರ’. ಎರಡನೆಯದು ‘ಹಲ್ಲು’. ಮೂರನೆಯದು ‘ಹುಣಸೆ’.

ದೊಡ್ಡಪಾಲಯ್ಯ ಎದ್ದು ಹೋಗಿ ಬಾಗಿಲು ಮುಂದೆ ಮಾಡಿದ. ಏಕೆಂದರೆ ಈ ಮೂರು ಮಹಾಕೃತಿಗಳನ್ನು ಅಷ್ಟು ಸಲ ಹೊರಗೆ ಕಳಿಸಿದ ಕೈ ಅವನದೇ. ತಿಂಗಳಿಗೆ ಮುನ್ನೂರು ಪುಸ್ತಕ ಹೊರಹೋಗಬೇಕೆಂದು ಮೇಲಿನವರ ಹಟ. ಜನ ಒಯ್ಯುತ್ತಿರಲಿಲ್ಲ ಎಂದಲ್ಲ, ಬರೆಸುತ್ತಿರಲಿಲ್ಲ. ಬಸ್ಸಿಗೆ ಓಡುವ ಹೆಂಗಸರು ಬಾಗಿಲಲ್ಲೇ ನಿಂತು, ‘ಪಾಲಣ್ಣ, ಇದನ್ನ ಒಯ್ತೀನಿ’ ಎಂದು ಸೆರಗಿನಲ್ಲಿ ಪುಸ್ತಕ ಸುತ್ತಿಕೊಂಡು ಮಾಯವಾಗುತ್ತಿದ್ದರು. ಓದುವವರನ್ನು ತಡೆದು ಸಹಿ ಕೇಳುವುದು ಉಣ್ಣುವವರ ಕೈ ಹಿಡಿದ ಹಾಗೆ ಎಂದು ಅವನ ನಂಬಿಕೆ. ಸಂಜೆ ಬಾಗಿಲು ಹಾಕುವ ಮುಂಚೆ ರಿಜಿಸ್ಟರು ತೆಗೆದು, ಹತ್ತು ಹೆಸರುಗಳ ಮುಂದೆ ಹತ್ತು ಪುಸ್ತಕ ತಾನೇ ಬರೆದುಬಿಡುತ್ತಿದ್ದ. ದಿನಕ್ಕೆ ಹತ್ತು ಬರೆಯುವವನು ಉದ್ದನೆಯ ಹೆಸರಿಗೆ ಏಕೆ ಹೋದಾನು? ಎರಡಕ್ಷರ, ಮೂರಕ್ಷರದ ಪುಸ್ತಕಗಳೇ ಅವನ ಪೆನ್ನಿಗೆ ಪ್ರಿಯವಾದವು. ಹೀಗೆ ಕಾಂಪೋಸ್ಟ್ ಗುಂಡಿ ತೋಡುವುದು ಹೇಗೆಂದು ತಿಳಿಸುವ ಮೂವತ್ತೆರಡು ಪುಟದ ಪುಸ್ತಿಕೆಯೊಂದು, ಯಾರ ಕೈಯನ್ನೂ ಸೋಕದೆ, ಕಾಲನನ್ನೇ ಗೆದ್ದುಬಿಟ್ಟಿತ್ತು.

ಇದೊಂದೇ ಆಗಿದ್ದರೆ ಅವನು ನಕ್ಕು ಸುಮ್ಮನಾಗುತ್ತಿದ್ದ. ಗುಜರಿಯ ಪಟ್ಟಿಯಲ್ಲಿ ಬೆರಳಿಟ್ಟು ಇಳಿಯುತ್ತ ಬಂದವನು 1147ನೇ ನಂಬರಿನ ಬಳಿ ನಿಂತ. ‘ಗಂಡನ ಮನೆಗೆ ಹೊರಟು ಅರ್ಧ ದಾರಿಯಲ್ಲಿ ಅರವಟ್ಟಿಗೆ ಇಟ್ಟ ಕೆಂಚಮ್ಮನ ಕಥೆ’. ಇಷ್ಟುದ್ದದ ಹೆಸರನ್ನು ಇಪ್ಪತ್ತಾರು ವರ್ಷದಲ್ಲಿ ಅವನು ಒಂದೇ ಒಂದು ಸಲ ಬರೆದಿದ್ದ; ಆವತ್ತು ಅವನು ಕೆಲಸಕ್ಕೆ ಹೊಸಬ, ಉತ್ಸಾಹವಿತ್ತು. ಆದರೆ ಈ ಗ್ರಂಥಾಲಯದಲ್ಲಿ ನಿಜವಾಗಿ ಓದಿಸಿಕೊಂಡ ಪುಸ್ತಕ ಯಾವುದು ಎಂದು ಕೇಳಿದರೆ, ಸುತ್ತ ಹತ್ತು ಊರಿನ ಹೆಂಗಸರು ಹೇಳುವುದು ಅದೊಂದನ್ನೇ.

ಹೇಳದಿದ್ದರೆ ಪುಸ್ತಕ ಹೋಯಿತು. ಹೇಳಿದರೆ ರಿಜಿಸ್ಟರು ಸುಳ್ಳೆಂದು ಒಪ್ಪಿಕೊಂಡಂತೆ, ಕೆಲಸ ಹೋಯಿತು. ನಿವೃತ್ತಿಗೆ ಇನ್ನು ನಾಲ್ಕು ವರ್ಷ.

ಮಂಗಳವಾರ ದೊಡ್ಡಪಾಲಯ್ಯ ಕೋಟೆ ಭದ್ರಪಡಿಸಿಕೊಳ್ಳುವ ಕೆಲಸಕ್ಕೆ ಇಳಿದ. ಮೊದಲು ರಿಜಿಸ್ಟರು ಉಳಿಯಬೇಕು. ಅದಕ್ಕಾಗಿ ‘ಗೊಬ್ಬರ’ ಹಳತಾಗಬೇಕು. ಅಂಗಡಿಯಿಂದ ಈಗ ತಂದಂತೆ ಫಳಫಳ ಹೊಳೆಯುವ ಪುಸ್ತಕವನ್ನು ಮೇಜಿನ ಮೇಲೆ ಮಲಗಿಸಿ ಮೂಲೆಗಳನ್ನು ಮಡಚಿದ. ರಕ್ಷಾಪುಟಕ್ಕೆ ಚಹಾ ಚೆಲ್ಲಿದ. ಶೇಂಗಾ ಎಣ್ಣೆಯ ಬೆರಳು ಒತ್ತಿದ, ಅರಿಶಿನ ಸವರಿದ, ನೆಲಕ್ಕೆ ಹಾಕಿ ಚಪ್ಪಲಿಯಲ್ಲಿ ಎರಡು ಸಲ ತುಳಿದ. ಮಧ್ಯಾಹ್ನದ ಹೊತ್ತಿಗೆ ‘ಗೊಬ್ಬರ’ ಮೂರು ಯುದ್ಧ ಕಂಡ ಸೈನಿಕನಂತಾಯಿತು. ‘ಹಲ್ಲು’ ಪುಸ್ತಕಕ್ಕೂ ಅದೇ ಸಂಸ್ಕಾರ ನಡೆಯಿತು. ‘ಹುಣಸೆ’ಗೆ ಒಂದಿಷ್ಟು ಹುಣಸೆಹಣ್ಣನ್ನೇ ಮೆತ್ತಿದ.

ಬುಧವಾರ ಬೆಳಿಗ್ಗೆ ಮೊಳಕಾಲ್ಮೂರಿನ ಬಸ್ಸು ಹತ್ತಿದ. 1147 ಕಪಾಟಿನಲ್ಲಿ ಇರಲಿಲ್ಲ. ಅದು ಕಪಾಟಿನಲ್ಲಿ ಇದ್ದದ್ದೇ ಅಪರೂಪ; ಈಗ ಅಲ್ಲಿ ಅವನ ಅಕ್ಕನ ಹತ್ತಿರ ಇತ್ತು. ಪಟ್ಟಿಯಲ್ಲಿರುವ ಪ್ರತಿಯೊಂದು ಪುಸ್ತಕವನ್ನೂ ಅಧಿಕಾರಿಯ ಕಣ್ಣೆದುರು ಗುಜರಿಯ ಚೀಲಕ್ಕೆ ಹಾಕಬೇಕೆಂದು ಆದೇಶ. ಪುಸ್ತಕವೇ ಇಲ್ಲದಿದ್ದರೆ ಎಲ್ಲಿ ಹೋಯಿತು ಎಂಬ ಪ್ರಶ್ನೆ, ಪ್ರಶ್ನೆಯ ಹಿಂದೆ ರಿಜಿಸ್ಟರು, ರಿಜಿಸ್ಟರಿನ ಹಿಂದೆ ಅವನ ಮಾನ.

ಬಸ್ಸಿನ ಕಿಟಕಿಯಲ್ಲಿ ಬಂಡೆಗಳು ಓಡುತ್ತಿದ್ದವು. ಸಿದ್ದಾಪುರದ ಕಡೆಯ ಬಂಡೆಯೊಂದರ ಮೇಲೆ ಎರಡು ಸಾವಿರ ವರ್ಷ ದಾಟಿದ ರಾಜಾಜ್ಞೆ ಇವತ್ತಿಗೂ ಇದೆ. ಬರಹ ಉಳಿಯುವುದು ಗಟ್ಟಿ ರಟ್ಟಿನಿಂದ ಆಗಿದ್ದರೆ ಬಂಡೆಗಿಂತ ಗಟ್ಟಿ ರಟ್ಟು ಯಾವುದಿದೆ? ಆದರೆ ಅದನ್ನು ಓದಿ ಹೇಳಲು ಎಲ್ಲಿಂದಲೋ ಪಂಡಿತರು ಕಾರು ಮಾಡಿಕೊಂಡು ಬರಬೇಕು. ಕೆಂಚಮ್ಮನ ಕಥೆಯದೋ ಎಂಟಾಣೆ ಬೆಲೆಯ ಕಾಗದ, ಹುರಿಗಡಲೆ ಕಟ್ಟಿದರೆ ಹರಿಯುವಂಥದ್ದು. ಬರೆದವರು ಯಾರೆಂದೂ ತಿಳಿಯದು. ಹೆಸರಿದ್ದ ಪುಟ ಪುಸ್ತಕ ಗ್ರಂಥಾಲಯಕ್ಕೆ ಬರುವ ಮುಂಚೆಯೇ ಹೋಗಿತ್ತು.

ಅದರ ಜೊತೆಯಲ್ಲೇ, ಅದೇ ಕಟ್ಟಿನಲ್ಲಿ, ‘ಹೆಲಿಕಾಪ್ಟರ್ ಹಂತಕ’ ಎಂಬ ಪತ್ತೇದಾರಿ ಕಾದಂಬರಿ ಬಂದಿತ್ತು. ಆಹಾ, ಏನು ಅದರ ವೈಭವ! ಒಂದು ಪ್ರತಿ ಸಾಲದೆ ಎಂಟು ತರಿಸಬೇಕಾಯಿತು. ಅದಕ್ಕಾಗಿ ಇದೇ ಗ್ರಂಥಾಲಯದ ಮೆಟ್ಟಿಲ ಮೇಲೆ ಇಬ್ಬರು ಅಂಗಿ ಹರಿದುಕೊಂಡಿದ್ದರು. ಕೆಂಚಮ್ಮನನ್ನು ಆಗ ಅಷ್ಟು ಜನ ಕೇಳುತ್ತಲೂ ಇರಲಿಲ್ಲ. ಹೀಗಿರುತ್ತ ಒಂದು ಶುಭದಿನ, ಯಾರೋ ಮಹಾನುಭಾವ ಬಸ್ ನಿಲ್ದಾಣದ ಗೋಡೆಯ ಮೇಲೆ ಇದ್ದಿಲಿನಿಂದ ‘ಹಂತಕ ಬೇರೆ ಯಾರೂ ಅಲ್ಲ, ಡಾಕ್ಟರ್’ ಎಂದು ಬರೆದ. ಆವತ್ತು ಸಂಜೆಗೆ ಎಂಟಕ್ಕೆ ಎಂಟೂ ಪ್ರತಿಗಳು ವಾಪಸ್ಸು ಬಂದವು. ಆಮೇಲೆ ಕಪಾಟು ಬಿಟ್ಟು ಕದಲಲಿಲ್ಲ. ಒಂದೇ ಸಾಲಿನಿಂದ ಒಂದು ಪುಸ್ತಕ ಸತ್ತದ್ದನ್ನು ದೊಡ್ಡಪಾಲಯ್ಯ ಕಣ್ಣಾರೆ ಕಂಡಿದ್ದ. ಕೆಂಚಮ್ಮನ ಕೊನೆ ಹತ್ತೂರಿಗೆ ಗೊತ್ತು. ಆದರೂ ಆ ಪುಸ್ತಕ ಏಕೆ ಸಾಯುವುದಿಲ್ಲ? ಈ ಒಗಟು ಅವನನ್ನು ವರ್ಷಗಟ್ಟಲೆ ಕಾಡಿತ್ತು. ಇವತ್ತು ಒಗಟು ಬಿಡಿಸಲು ಪುರುಸೊತ್ತಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ಅವನ ಅಕ್ಕ ಪಾಪಕ್ಕ ಸೀರೆ ನೇಯುವವರ ಶೆಡ್ಡಿನಲ್ಲಿ ಕೂಲಿಗೆ ರೇಷ್ಮೆ ನೂಲು ಸುತ್ತುತ್ತಿದ್ದಳು. ಸುತ್ತುತ್ತಿದ್ದಳು ಎಂದರೆ ತಪ್ಪಾದೀತು. ಹತ್ತು ಹೆಂಗಸರು ರಾಟೆ ತಿರುಗಿಸುವಾಗ ಅವಳು ನಡುವೆ ಕೂತು ಪುಸ್ತಕ ಓದುತ್ತಿದ್ದಳು. ಅವಳ ಪಾಲಿನ ನೂಲನ್ನು ಉಳಿದವರು ಹಂಚಿಕೊಂಡು ಸುತ್ತುತ್ತಿದ್ದರು. ಅಲ್ಲಿಯ ಪದ್ಧತಿಯೇ ಹಾಗೆ. ಕೆಲವರ ಮನೆಮಾತು ತೆಲುಗು; ಅವರಿಗಾಗಿ ನಡುನಡುವೆ ತೆಲುಗಿನಲ್ಲೂ ಎರಡು ಮಾತು ಹೇಳಬೇಕು.

ದೊಡ್ಡಪಾಲಯ್ಯ ಬಾಗಿಲಿಗೆ ಬಂದಾಗ ಕೆಂಚಮ್ಮ ಬಾವಿಯ ಹತ್ತಿರ ಇದ್ದಳು. ಅಂದರೆ ಕಥೆಯ ನಟ್ಟನಡುವೆ. ಗಂಡನ ಮನೆಗೆ ಹೊರಟವಳು ದಾರಿಯಲ್ಲಿ ಮನಸ್ಸು ಬದಲಿಸಿ, ಅತ್ತಲೂ ಹೋಗದೆ ಇತ್ತಲೂ ಮರಳದೆ, ಬಾವಿಯೊಂದರ ಪಕ್ಕ ದಾರಿಹೋಕರಿಗೆ ನೀರು ಕೊಡುತ್ತ ನಿಂತುಬಿಟ್ಟಿದ್ದಾಳೆ. ಒಂದು ದಿನ ಅವಳ ಗಂಡನೇ ಬಾಯಾರಿ ಬರುತ್ತಾನೆ. ಅವನಿಗೆ ಗುರುತು ಸಿಗುವುದಿಲ್ಲ. ಇವಳಿಗೆ ಸಿಗುತ್ತದೆ. ನೀರು ಕೊಡುತ್ತಾಳೆ, ತಾನು ಯಾರೆಂದು ಹೇಳುವುದಿಲ್ಲ. ಅವನು ಕುಡಿದು ಹೊರಟುಹೋಗುತ್ತಾನೆ.

‘ಹೇಳ್ಬೇಕಿತ್ತು ಕಣೇ ಅವ್ಳು!’ ಎಂದು ರೇಣುಕಮ್ಮ ರಾಟೆ ನಿಲ್ಲಿಸಿದಳು.

‘ಯಾಕ್ ಹೇಳ್ಬೇಕು? ಹೆಂಡ್ತಿ ಮುಖ ಗುರುತಿಲ್ದೋನ್ಗೆ ನೀರು ಕೊಟ್ಟಿದ್ದೇ ಹೆಚ್ಚು’ ಎಂದಳು ಗಂಗಲಕ್ಷ್ಮಿ ಆಚೆ ಗೋಡೆಯಿಂದ.

‘ನಿನ್ ಗಂಡ ನಿನ್ ಮುಖ ನೋಡ್ತಾನಾ, ತಟ್ಟೆ ನೋಡ್ತಾನಾ?’ ಎಂದಳು ರೇಣುಕಮ್ಮ.

ಶೆಡ್ಡಿನಲ್ಲಿ ನಗೆ ಸಿಡಿಯಿತು. ‘ತಡೀರೇ, ಪುಟ ತೋರಿಸ್ತೀನಿ’ ಎಂದು ಪಾಪಕ್ಕ ಹಾಳೆ ಹಿಂದೆ ತಿರುವಿದಳು. ‘ಇಲ್ಲಿ ನೋಡು, ಕೊಡ ಕೆಳಗಿಟ್ಳು ಅಂತ ಐತೆ. ಹೇಳೋ ಮನ್ಸು ಇಲ್ದಿದ್ರೆ ಕೊಡ ಯಾಕ್ ಇಡ್ತಿದ್ಳು?’ ತಲೆಯೆತ್ತಿದಾಗ ಬಾಗಿಲಲ್ಲಿ ತಮ್ಮ ನಿಂತಿದ್ದ. ‘ಏನ್ಲಾ ಪಾಲಯ್ಯ, ಬಿಸ್ಲಾಗೆ ಬಂದಿದೀಯ? ಮನ್ಯಾಗೆ ಎಲ್ಲ ಚೆನ್ನಾಗವ್ರಾ?’

‘ಚೆನ್ನಾಗವ್ರೆ. ಅಕ್ಕಾ, ಆ ಬುಕ್ ಬೇಕಾಗೈತೆ.’

‘ಮುಗೀಲಿ, ತಗಂಡು ಹೋಗು.’

‘ನೀವು ಮುಗ್ಸಿದ್ದು ಯಾವಾಗ? ಕೊನೇ ಪುಟ ಆದ್ರೆ ಮೊದ್ಲನೇ ಪುಟ ತೆಗೀತೀರಿ. ನಾಳೆ ಸರ್ಕಾರಕ್ಕೆ ಒಪ್ಪಿಸ್ಬೇಕು.’

‘ಸರ್ಕಾರಕ್ಕೂ ಓದ್ಬೇಕು ಅನ್ಸಿತಾ? ಒಳ್ಳೇದಾತು ಬಿಡು’ ಎಂದಳು ರೇಣುಕಮ್ಮ.

ದೊಡ್ಡಪಾಲಯ್ಯ ಸುಳ್ಳು ಹೇಳಲೆಂದೇ ಬಾಯಿ ತೆರೆದ. ಬೈಂಡಿಂಗ್ ಮಾಡಿಸುತ್ತೇನೆ ಎನ್ನಬೇಕೆಂದು ಬಸ್ಸಿನಲ್ಲೇ ಯೋಚಿಸಿ ಇಟ್ಟುಕೊಂಡಿದ್ದ. ಆದರೆ ಪುಸ್ತಕವನ್ನು ಅವರಾಗಲೇ ಬೈಂಡ್ ಮಾಡಿದ್ದರು: ಸೀರೆ ಡಬ್ಬಿಯ ರಟ್ಟಿನ ಹೊದಿಕೆ, ಬೆನ್ನಿಗೆ ಮಾವಿನಕಾಯಿ ಹಸಿರಿನ ರೇಷ್ಮೆ ನೂಲಿನ ಹೊಲಿಗೆ. ಬಾಯಿಂದ ನಿಜವೇ ಬಿತ್ತು. ‘ಗುಜರಿಗೆ ಹಾಕ್ತಾರಂತೆ. ಯಾರೂ ಓದಲ್ಲ ಅಂತ ಪಟ್ಟಿ ಬಂದೈತೆ. ತಗಂಡು ಹೋಗ್ದಿದ್ರೆ ನನ್ ಕೆಲ್ಸ ಹೋಗ್ತೈತೆ.’

ಅವರು ಬೈಯುತ್ತಾರೆಂದು ತಲೆ ಬಗ್ಗಿಸಿ ನಿಂತ. ಹತ್ತು ಹೆಂಗಸರ ಬಾಯಿ ಎಂದರೆ ಹತ್ತು ಫಿರಂಗಿ. ಒಂದೂ ಹಾರಲಿಲ್ಲ. ಪಾಪಕ್ಕ ಪುಸ್ತಕ ಮುಚ್ಚಿ, ಸೆರಗಿನಿಂದ ಒರೆಸಿ, ಅವನ ಕೈಗೆ ಕೊಟ್ಟಳು.

‘ನಿನ್ ಅನ್ನ ದೊಡ್ದು ತಮ್ಮಾ. ಒಯ್ಯಿ.’

‘ಬಾಯಾಗೆ ಹೇಳ್ಬೋದಲ್ಲಕ್ಕಾ. ಪೂರ್ತಿ ಬರ್ತೈತಲ್ಲ ನಿಂಗೆ.’

‘ಹೇಳ್ಬೋದು. ಆದ್ರೆ ಜಗಳ ಬಿದ್ರೆ ಪುಟ ಬೇಕಲ್ಲೋ. ಬಾಯಾಗೆ ಹೇಳಿದ್ರೆ ನನ್ ಕಡೆಗೆ ಎಳ್ಕಂತೀನಿ ಅಂತಾರೆ. ಎಳ್ಕಂತೀನಿ ಕೂಡ.’ ಅವಳು ರಾಟೆಯ ಮುಂದೆ ಕೂತು ನೂಲಿನ ತುದಿ ಹುಡುಕತೊಡಗಿದಳು. ವರ್ಷಗಳಿಂದ ಸುತ್ತದ ಕೈ, ತುದಿ ಸಿಗಲಿಲ್ಲ.

ಬೈದಿದ್ದರೆ ಬಸ್ಸಿನಲ್ಲಿ ಎದುರುತ್ತರ ಹುಡುಕಿಕೊಂಡು ಹಾಯಾಗಿ ಬರುತ್ತಿದ್ದ. ಈಗ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಹೆಣದ ಪಕ್ಕ ಕೂತವನ ಹಾಗೆ, ಕಿಟಕಿಯ ಹೊರಗೂ ನೋಡದೆ ಊರು ಸೇರಿದ.

ಗುರುವಾರ ಹನ್ನೊಂದಕ್ಕೆ ಸರಿಯಾಗಿ ಜೀಪು ನಿಂತಿತು. ಸರ್ಕಾರಿ ಜೀಪು ಹೇಳಿದ ಹೊತ್ತಿಗೆ ಬಂದದ್ದೇ ದೊಡ್ಡಪಾಲಯ್ಯನಿಗೆ ಅಪಶಕುನವಾಗಿ ಕಂಡಿತು. ಇಳಿದವರು ದೀಪಿಕಾ ಎಂಬ ಅಧಿಕಾರಿ. ಮೂವತ್ತರ ಆಸುಪಾಸಿನ, ಕನ್ನಡಕದ, ಚಹಾ ಬೇಡವೆನ್ನುವ ಜಾತಿ. ಚಹಾ ಬೇಡವೆನ್ನುವ ಅಧಿಕಾರಿಯ ಎದುರು ಯಾವ ಅಸ್ತ್ರವೂ ನಡೆಯದು ಎಂಬುದು ಇಪ್ಪತ್ತಾರು ವರ್ಷದ ಅನುಭವ. ಹಿಂದೆಯೇ ಚಳ್ಳಕೆರೆಯಿಂದ ಗುಜರಿಯ ಜುಂಜಣ್ಣ ತನ್ನ ಗೂಡ್ಸ್ ಆಟೋದಲ್ಲಿ ಚೀಲ, ತಕ್ಕಡಿ ಹೊತ್ತು ಬಂದ.

‘ಮೊದಲನೇ ಸ್ಥಾನದ ಪುಸ್ತಕ ತೋರಿಸಿ, ಪಾಲಯ್ಯನವರೇ.’

ದೊಡ್ಡಪಾಲಯ್ಯ ‘ಗೊಬ್ಬರ’ವನ್ನು ಎರಡೂ ಕೈಯಲ್ಲಿ ಹಿಡಿದು ತಂದ. ಆಕೆ ರಕ್ಷಾಪುಟ ನೋಡಿದರು, ಮೂಸಿದರು, ಒಳಗೆ ತೆರೆಯಹೋದರು. ತೆರೆಯಲಿಲ್ಲ. ಪುಟಗಳು ಮೇಲಿನ ಅಂಚಿನಲ್ಲಿ ಒಂದಕ್ಕೊಂದು ಕೂಡಿಕೊಂಡೇ ಇದ್ದವು. ಅಚ್ಚಿನ ಮನೆಯಲ್ಲಿ ಮಡಚಿದ ಹಾಳೆಯನ್ನು ಯಾರೂ ಕತ್ತರಿಸಿರಲೇ ಇಲ್ಲ. ಹೊರಗಿನಿಂದ ಮುದುಕನಾಗಿದ್ದ ಪುಸ್ತಕ ಒಳಗೆ ಇನ್ನೂ ಹುಟ್ಟಿಯೇ ಇರಲಿಲ್ಲ.

‘ನಾನೂರ ಹನ್ನೆರಡು ಜನ ಇದನ್ನ ಹೇಗೆ ಓದಿದರು? ದೀಪಕ್ಕೆ ಹಿಡಿದಾ?’

ದೊಡ್ಡಪಾಲಯ್ಯ ಪಟ್ಟಿಯ ಮೂಲೆ ಮಡಚತೊಡಗಿದ. ಜುಂಜಣ್ಣ ಮೇಲಿನ ಜಂತೆ ನೋಡತೊಡಗಿದ. ಕೊನೆಗೆ ಆಕೆಯೇ ಕೇಳಿದರು: ‘ಹಳೇ ಪ್ರತಿ ಹರಿದುಹೋಗಿ, ಇದು ಎರಡನೇ ಪ್ರತಿಯೇನು?’

ಮುಳುಗುವವನ ಕೈಗೆ ಹಗ್ಗ ಸಿಕ್ಕಿತು. ‘ಹೌದ್ರಿ ಮೇಡಂ. ಎರಡ್ನೇದು.’

ಆಕೆ ಏನೋ ಬರೆದುಕೊಂಡರು. ದೊಡ್ಡಪಾಲಯ್ಯ ಉಳಿದ! ಸೋಮವಾರದಿಂದ ಎದೆಯ ಮೇಲೆ ಕೂತಿದ್ದ ಬಂಡೆ ಉರುಳಿಹೋಯಿತು. ಗುಜರಿಯ ಪಟ್ಟಿ ಶುರುವಾಯಿತು. ಆಕೆ ನಂಬರು ಓದುವುದು, ಇವನು ಪುಸ್ತಕ ತೆಗೆದುಕೊಡುವುದು, ಜುಂಜಣ್ಣ ಚೀಲಕ್ಕೆ ಹಾಕುವುದು. ಹೆಲಿಕಾಪ್ಟರುಗಳು ಎಂಟೂ ಸಾಲಾಗಿ ಚೀಲದಲ್ಲಿ ಇಳಿದವು. ಒಮ್ಮೆ ಅಂಗಿ ಹರಿದುಕೊಂಡ ವೀರರಲ್ಲಿ ಒಬ್ಬ ಅಲ್ಲೇ ಮೇಜಿನಲ್ಲಿ ಪೇಪರು ಓದುತ್ತಿದ್ದ. ಹಾಳೆ ತಿರುವಿದನೇ ಹೊರತು ತಲೆ ಎತ್ತಲಿಲ್ಲ.

‘ಸಾವಿರದ ನೂರ ನಲವತ್ತಾರು.’

ಚೀಲಕ್ಕೆ ಬಿತ್ತು.

‘ಸಾವಿರದ ನೂರ ನಲವತ್ತೇಳು.’

ದೊಡ್ಡಪಾಲಯ್ಯ ಪುಸ್ತಕ ಹೊರತೆಗೆದ. ಹಸಿರು ನೂಲು ಬೆರಳಿಗೆ ತಾಗಿತು. ಜುಂಜಣ್ಣ ಚೀಲದ ಬಾಯಿ ಅಗಲಿಸಿ ಹಿಡಿದ. ಕೈ ಮುಂದೆ ಹೋಗಲಿಲ್ಲ.

‘ಇದನ್ನ ಕೊಡಲ್ರಿ ಮೇಡಂ.’

‘ಇಪ್ಪತ್ತೈದು ವರ್ಷದಿಂದ ಯಾರೂ ಒಯ್ದಿಲ್ಲ.’

‘ಇದೊಂದನ್ನೇ ಒಯ್ದಿರೋದು.’

‘ರಿಜಿಸ್ಟರಿನಲ್ಲಿ ಇಲ್ಲವಲ್ಲ.’

‘ಇಲ್ರಿ. ರಿಜಿಸ್ಟರ್‍ನಾಗೆ ಇರೋದನ್ನ ಯಾರೂ ಒಯ್ದಿಲ್ಲ.’ ಬಾಗಿಲು ತೆರೆದುಕೊಂಡಿತ್ತು, ಇನ್ನು ಮುಚ್ಚುವಂತಿರಲಿಲ್ಲ. ‘ಅದು ನಾನ್ ಬರ್ದಿದ್ದು. ಗಿಡ್ಡ ಹೆಸ್ರು ನೋಡಿ ಬರ್ದೆ. ‘ಗೊಬ್ಬರ’ಕ್ಕೆ ಎರಡ್ನೇ ಪ್ರತಿನೂ ಇಲ್ಲ, ಅದಕ್ಕೆ ಚಾ ಸುರಿದೋನೂ ನಾನೇ.’

ದೀಪಿಕಾ ಪೆನ್ನು ಕೆಳಗಿಟ್ಟರು. ಆಗ ಯಾರೂ ಕೇಳದ ಮಾತೊಂದು ಚೀಲದ ಹಿಂದಿನಿಂದ ಬಂತು. ಜುಂಜಣ್ಣ ಪುಸ್ತಕದ ಮೇಲೆ ಕುತ್ತಿಗೆ ಚಾಚಿದ್ದ. ‘ಇದೇನ್ ಪಾಲಣ್ಣ, ಬಾವಿ ಕೆಂಚಮ್ಮನ ಕತೇನಾ? ನಮ್ಮವ್ವ ಶೇಂಗಾ ಸುಲಿಯೋವಾಗ ಹೇಳ್ತಿದ್ಲು. ಬುಕ್ ಐತೆ ಅಂತ ಗೊತ್ತೇ ಇರ್ಲಿಲ್ಲ ನಂಗೆ. ಏನೇ ಹೇಳು, ಗಂಡ ಬಂದಾಗ ಅವ್ಳು ಬಾಯಿ ಬಿಡ್ಬೇಕಿತ್ತು.’

‘ಬಿಡಬಾರ್ದಿತ್ತು’ ಎಂದ ದೊಡ್ಡಪಾಲಯ್ಯ, ತನಗೇ ತಿಳಿಯದೆ.

‘ಯಾಕಪ್ಪಾ? ಅವ್ನೂ ಮನುಷ್ಯ ತಾನೇ? ಹನ್ನೆರಡು ವರ್ಷ ಹುಡುಕವ್ನೆ!’

‘ಹುಡುಕವ್ನೆ ಅಂತ ಎಲ್ಲೈತೆ? ನಿಮ್ಮವ್ವ ಸೇರ್ಸಿರೋದು ಅದು. ಇಲ್ನೋಡು, ವ್ಯಾಪಾರಕ್ಕೆ ಬಂದಿದ್ದ ಅಂತ ಐತೆ!’ ಪುಟ ಹುಡುಕಿ ಬೆರಳಿಟ್ಟು ತೋರಿಸಿದ. ಪೇಪರು ಓದುತ್ತಿದ್ದವನೂ ಎದ್ದು ಬಂದು, ‘ಕೊಡ ಕೆಳಗಿಟ್ಟಳಲ್ಲ, ಅದಕ್ಕೇನಂತೀಯ?’ ಎಂದ. ಮೂವರ ದನಿಯೂ ಏರಿತು. ಚೀಲ ಅಡ್ಡಬಿತ್ತು, ಹೆಲಿಕಾಪ್ಟರೊಂದು ನೆಲಕ್ಕೆ ಉರುಳಿತು, ಯಾರೂ ಎತ್ತಲಿಲ್ಲ.

‘ಸಾಕು’ ಎಂದರು ದೀಪಿಕಾ.

ಆಕೆ ಕೈ ಚಾಚಿ ಪುಸ್ತಕ ತೆಗೆದುಕೊಂಡು, ಹೊಲಿಗೆ ನೋಡಿದರು, ಅಂಚಿನಲ್ಲಿ ಬೆರಳುಗಳಿಂದ ಕಪ್ಪಾದ ಪುಟಗಳನ್ನು ನೋಡಿದರು. ‘ಹತ್ತು ವರ್ಷದಿಂದ ಒಯ್ಯದ ಪುಸ್ತಕವನ್ನು ಉಳಿಸುವ ಅಧಿಕಾರ ನನಗಿಲ್ಲ’ ಎಂದರು. ದೊಡ್ಡಪಾಲಯ್ಯ ಪುಸ್ತಕಕ್ಕೆ ಕೈ ಚಾಚಿದ, ಆಕೆ ಬಿಡಲಿಲ್ಲ. ‘ಇವತ್ತಿನ ತಾರೀಖಿಗೆ ಯಾರಾದರೂ ಒಯ್ದರೆ ಅದು ಈ ಪಟ್ಟಿಯಲ್ಲಿ ಬರುವುದಿಲ್ಲ. ಸದಸ್ಯರು ಯಾರು?’

‘ನಮ್ಮಕ್ಕ. ಪಾಪಕ್ಕ. ಕಾರ್ಡ್ ಐತೆ.’

‘ಬರೆಯಿರಿ. ಪೂರ್ತಿ ಹೆಸರು.’

ದೊಡ್ಡಪಾಲಯ್ಯ ಬರೆದ. ಹೆಸರು ಕಾಲಂ ದಾಟಿ, ತಾರೀಖಿನ ಮನೆಗೆ ನುಗ್ಗಿ, ಎರಡನೇ ಸಾಲಿಗೆ ಇಳಿಯಿತು. ಅವನು ಪೆನ್ನು ಎತ್ತುವಷ್ಟರಲ್ಲಿ ಆಕೆ ಇನ್ನೊಂದು ಕಾಗದ ಮುಂದಿಟ್ಟರು: ಇಷ್ಟು ವರ್ಷದ ಸುಳ್ಳು ನಮೂದುಗಳಿಗೆ ಏಳು ದಿನದಲ್ಲಿ ಕಾರಣ ತಿಳಿಸಬೇಕು. ‘ಇದಕ್ಕೂ ಸಹಿ ಮಾಡಿ. ಪುಸ್ತಕಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದನ್ನು ಕೊಟ್ಟೆ ಅಂತ ಇನ್ನೊಂದನ್ನು ಬಿಡುವುದಿಲ್ಲ.’

‘ಬಿಡಬಾರ್ದ್ರಿ’ ಎಂದು ಸಹಿ ಮಾಡಿದ.

ಉಕ್ಕಿನ ಬೀರು ಮುಂದಿನ ವಾರ ಬಂತು. ಪಟ್ಟಿ ಬದಲಿಸಲು ಮೇಲಿನಿಂದ ಮೇಲಕ್ಕೆ ಬರೆಯಬೇಕಾದ್ದರಿಂದ, ಅಲ್ಲಿಯವರೆಗೆ ಗಾಜಿನ ಹಿಂದೆ ‘ಗೊಬ್ಬರ’, ‘ಹಲ್ಲು’, ‘ಹುಣಸೆ’ ಸಾಲಾಗಿ ನಿಂತವು. ದೊಡ್ಡಪಾಲಯ್ಯ ತನ್ನ ಉತ್ತರವನ್ನು ಎರಡು ಪುಟದಲ್ಲಿ ಬರೆದು ಕಳಿಸಿದ. ಕೆಲಸ ಉಳಿಯುವುದೋ ಹೋಗುವುದೋ ಎಂಬ ಸುದ್ದಿ ಇನ್ನೂ ಬಂದಿಲ್ಲ. ಟಪಾಲಿನವನ ಸೈಕಲ್ಲು ಕಂಡರೆ ಅವನು ಎದ್ದು ಬಾಗಿಲಿಗೆ ಬರುತ್ತಾನೆ.

ತಿಂಗಳ ಕೊನೆಗೆ ಒಯ್ದವರ ಲೆಕ್ಕ ಕಳಿಸಿದ. ಸಂಜೆಯೊಳಗೆ ಜಿಲ್ಲೆಯ ಗುಮಾಸ್ತರು ಫೋನು ಮಾಡಿದರು.

‘ಏನ್ರೀ ಪಾಲಯ್ಯ, ಹೋದ ತಿಂಗಳು ಮುನ್ನೂರ ಹನ್ನೆರಡು, ಈ ತಿಂಗಳು ಹನ್ನೊಂದು? ಊರಾಗೆ ಜನ ಅದಾರೋ ಇಲ್ವೋ?’

‘ಅದಾರೆ ಸಾರ್. ಹನ್ನೊಂದೂ ಓದಿರೋವೇ.’

ಆ ಕಡೆ ಹಾಳೆ ತಿರುವುವ ಸದ್ದು ಕೇಳಿತು. ಗುಮಾಸ್ತರು ಫಾರಂನ ಮೇಲಿಂದ ಕೆಳಗಿನವರೆಗೆ ಹುಡುಕಿರಬೇಕು.

‘ಓದಿದ್ದಕ್ಕೆ ಇದ್ರಾಗೆ ಕಾಲಂ ಇಲ್ವಲ್ರೀ’ ಎಂದರು.